ಕೊಟ್ಟ ಮಾತು ಯಾವ ಕಾಗದದಲ್ಲಿದೆ? ಬ್ರಿಟನ್ನಿನ ಕುಶಲ ವಲಸೆ ನಿಯಮಗಳ ಒಂದು ವಿಮರ್ಶೆ

ವೀಸಾ ನಿಯಮ ಬದಲಾದಾಗಲೆಲ್ಲ ನಮ್ಮ ನಡುವೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ಇದನ್ನು ದಾಟಿಕೊಳ್ಳುವುದು ಹೇಗೆ ಎಂಬ ಲೆಕ್ಕಾಚಾರ: ಯಾವ ವಕೀಲರನ್ನು ಕಾಣಬೇಕು, ಸಂಬಳ ಎಷ್ಟಕ್ಕೆ ಏರಬೇಕು, ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಒಂದು ಅರ್ಜಿ ಹಾಕಿಟ್ಟರೆ ಒಳ್ಳೆಯದೇ. ಇನ್ನೊಂದು, ‘ಇದು ಅನ್ಯಾಯ’ ಎಂಬ ಉದ್ಗಾರ. ಎರಡೂ ಸಹಜವೇ. ಆದರೆ ಮೊದಲನೆಯದು ನಿಯಮವನ್ನು ಮಳೆ ಗಾಳಿಯ ಹಾಗೆ ಪ್ರಕೃತಿಯ ಸಂಗತಿ ಎಂದು ಒಪ್ಪಿಕೊಂಡುಬಿಡುತ್ತದೆ. ಎರಡನೆಯದು ಅನ್ಯಾಯ ನಿಖರವಾಗಿ ಎಲ್ಲಿದೆ ಎಂದು ತೋರಿಸದೆ ಅರ್ಧಕ್ಕೆ ನಿಲ್ಲುತ್ತದೆ.

ನಿಯಮವೂ ಒಂದು ಬರಹವೇ. ಅದಕ್ಕೆ ಬರೆದವರಿದ್ದಾರೆ, ಹಿಂದಿನ ಆವೃತ್ತಿಗಳಿವೆ, ಹೇಳಿದ ಮಾತಿನ ಜೊತೆಗೆ ಹೇಳದೆ ಬಿಟ್ಟ ಮಾತೂ ಇದೆ. ಕಾವ್ಯವನ್ನೋ ಶಾಸನವನ್ನೋ ಓದುವಷ್ಟೇ ಎಚ್ಚರದಿಂದ ಅದನ್ನು ಓದಬೇಕು ಎಂಬುದು ಈ ಲೇಖನದ ನಿಲುವು. ಅದಕ್ಕಾಗಿ 2002ರಿಂದ ಈಚೆಗೆ ಬ್ರಿಟನ್ನಿನ ಕುಶಲ ವಲಸೆ ನಿಯಮಗಳು ಸಾಗಿಬಂದ ದಾರಿಯನ್ನೂ, ಅವುಗಳ ಮೇಲೆ ಬಂದ ಕೆಲವು ತೀರ್ಪುಗಳನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಪರಿಶೀಲನೆಗೆ ತಕ್ಷಣದ ಕಾರಣವೂ ಇದೆ. 2025ರ ಮೇ 12ರಂದು ಬ್ರಿಟನ್ ಸರ್ಕಾರ ಪ್ರಕಟಿಸಿದ ವಲಸೆ ಶ್ವೇತಪತ್ರವು ಕಾಯಂ ವಾಸದ ಹಕ್ಕಿಗೆ ಕಾಯಬೇಕಾದ ಸಾಮಾನ್ಯ ಅವಧಿಯನ್ನು 5 ವರ್ಷದಿಂದ 10 ವರ್ಷಕ್ಕೆ ಏರಿಸುವ ಉದ್ದೇಶವನ್ನು ಸಾರಿತು. ಅದೇ ವರ್ಷದ ನವೆಂಬರಿನಲ್ಲಿ ಸಮಾಲೋಚನೆಗೆ ಇಟ್ಟ ಕರಡು, ಈ ಬದಲಾವಣೆ ಈಗಾಗಲೇ ಇಲ್ಲಿದ್ದು ಇನ್ನೂ ಕಾಯಂ ವಾಸ ಸಿಗದವರಿಗೂ ಅನ್ವಯಿಸಬೇಕೆಂದು ಪ್ರಸ್ತಾಪಿಸಿತು. ಅಂತಿಮ ನಿಯಮ ಹೇಗೇ ಇರಲಿ, ಈ ಪ್ರಸ್ತಾಪ ಹೊಸದಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇದೇ ದೇಶದಲ್ಲಿ ಇದೇ ಜಗಳ ಒಮ್ಮೆ ನಡೆದುಹೋಗಿದೆ.

2002ರ ಆಹ್ವಾನ

2002ರ ಜನವರಿಯಲ್ಲಿ ಬ್ರಿಟನ್ ‘ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಪ್ರೋಗ್ರಾಂ’ ಎಂಬ ಯೋಜನೆಯನ್ನು ಆರಂಭಿಸಿತು. ನಮ್ಮವರ ಬಾಯಲ್ಲಿ ಅದು ಎಚ್‌ಎಸ್‌ಎಂಪಿ. ಅದರ ವಿಶೇಷವೆಂದರೆ ಕೈಯಲ್ಲಿ ಕೆಲಸ ಇರಬೇಕೆಂಬ ಷರತ್ತು ಇರಲಿಲ್ಲ. ವಿದ್ಯಾರ್ಹತೆ, ಕೆಲಸದ ಅನುಭವ, ಹಿಂದಿನ ಗಳಿಕೆ, ತನ್ನ ಕ್ಷೇತ್ರದಲ್ಲಿ ಮಾಡಿದ ಸಾಧನೆ, ಇವಕ್ಕೆ ಪಾಯಿಂಟ್ ಕೊಟ್ಟು, 75 ಸೇರಿದರೆ ಬಾಗಿಲು ತೆರೆಯುತ್ತಿತ್ತು. 2003ರ ಅಕ್ಟೋಬರಿನಲ್ಲಿ ಅದನ್ನು 65ಕ್ಕೆ ಇಳಿಸಲಾಯಿತು. ಮೊದಲು ಒಂದು ವರ್ಷದ ಅನುಮತಿ, ನಂತರ ಮೂರು ವರ್ಷದ ವಿಸ್ತರಣೆ, ನಾಲ್ಕು ವರ್ಷ ತುಂಬಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ.

ಈ ಯೋಜನೆಯ ಕಾಗದಗಳಲ್ಲಿ ಮೂರು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು, ಬ್ರಿಟನ್ನನ್ನು ತನ್ನ ಮುಖ್ಯ ನೆಲೆಯಾಗಿ ಮಾಡಿಕೊಳ್ಳುವ ಇರಾದೆ ಇದೆಯೆಂದು ಅರ್ಜಿದಾರ ಬರೆದುಕೊಡಬೇಕಿತ್ತು. ಎರಡು, ವಿಸ್ತರಣೆಯ ಹೊತ್ತಿಗೆ ಇಲ್ಲಿ ಕಾನೂನುಬದ್ಧವಾಗಿ ದುಡಿಯುತ್ತಿದ್ದರೆ, ಅಥವಾ ದುಡಿಮೆ ಕಂಡುಕೊಳ್ಳಲು ಸಾಧ್ಯವಿರುವ ಪ್ರಯತ್ನವನ್ನೆಲ್ಲ ಮಾಡಿದ್ದರೆ ಸಾಕಿತ್ತು. ಪಾಯಿಂಟಿನ ಪರೀಕ್ಷೆಗೆ ಮತ್ತೆ ಕೂರಬೇಕಿರಲಿಲ್ಲ. ಮೂರು, ಯೋಜನೆಯನ್ನು ಪರಿಷ್ಕರಿಸಿದರೆ ಬಂದವರ ಗತಿ ಏನು ಎಂಬ ಪ್ರಶ್ನೆಗೆ ಮಾರ್ಗದರ್ಶಿಯಲ್ಲೇ ಉತ್ತರವಿತ್ತು: ಆಗಲೇ ಬಂದವರು ಪರಿಷ್ಕರಣೆ ಏನೇ ಇದ್ದರೂ ಇಲ್ಲೇ ಉಳಿದು, ಅವಧಿ ಮುಗಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು ಎಂದು.

ಮೊದಲ ಅಂಶದಲ್ಲಿ ಅರ್ಜಿದಾರ ಮಾತು ಕೊಡುತ್ತಾನೆ, ಮೂರನೆಯದರಲ್ಲಿ ಸರ್ಕಾರ ಮಾತು ಕೊಡುತ್ತದೆ. ಮಾತಿಗೆ ಮಾತು. ಈ ಕಾಗದವನ್ನು ನಂಬಿ ಊರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟವರು, ಮನೆ ಮಾರಿದವರು, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿದವರು ಆತುರಗಾರರೇನಲ್ಲ. ‘ಮುಖ್ಯ ನೆಲೆ’ ಎಂದು ಬರೆದುಕೊಟ್ಟವರು ಆ ಬರಹದಂತೆ ನಡೆದುಕೊಂಡಿದ್ದರು, ಅಷ್ಟೇ.

2006ರ ತಿರುವು

2006ರಲ್ಲಿ ಎರಡು ಬದಲಾವಣೆಗಳು ಬೆನ್ನುಬೆನ್ನಿಗೆ ಬಂದವು. ಏಪ್ರಿಲ್ 3ರಿಂದ ಕಾಯಂ ವಾಸದ ಅವಧಿ ನಾಲ್ಕರಿಂದ ಐದು ವರ್ಷವಾಯಿತು. ನವೆಂಬರಿನಲ್ಲಿ ಪಾಯಿಂಟಿನ ಪಟ್ಟಿಯೇ ಬದಲಾಯಿತು. ಕೆಲಸದ ಅನುಭವ ಮತ್ತು ಸಾಧನೆಯ ಕಲಂಗಳು ಬಿದ್ದುಹೋದವು. ವಿದ್ಯಾರ್ಹತೆ, ವಯಸ್ಸು ಮತ್ತು ಗಳಿಕೆಗೆ ತೂಕ ಬಂತು. ಇಂಗ್ಲಿಷ್ ಪರೀಕ್ಷೆ ಕಡ್ಡಾಯವಾಯಿತು. ಹೊಸ ಅರ್ಜಿದಾರನ ವಯಸ್ಸು 32 ತಲುಪಿದ್ದರೆ ವಯಸ್ಸಿನ ಪಾಯಿಂಟ್ ಸೊನ್ನೆ.

ಹೊಸಬರಿಗೆ ಹೊಸ ನಿಯಮ ಎಂದಿದ್ದರೆ ಯಾರೂ ತಕರಾರು ಎತ್ತುತ್ತಿರಲಿಲ್ಲ. ಯಾರನ್ನು ಒಳಗೆ ಬಿಡಬೇಕು ಎಂದು ತೀರ್ಮಾನಿಸುವುದು ಆ ದೇಶದ ಅಧಿಕಾರ. ಆದರೆ ಹೊಸ ಪರೀಕ್ಷೆಯನ್ನು ವಿಸ್ತರಣೆಗೆ ಬಂದ ಹಳಬರಿಗೂ ಹಾಕಲಾಯಿತು. ಅನುಭವದ ಬಲದ ಮೇಲೆ ಒಳಬಂದ ನಲವತ್ತು ದಾಟಿದ ವ್ಯಕ್ತಿಗೆ, ‘ಆ ಅನುಭವ ಈಗ ಲೆಕ್ಕಕ್ಕಿಲ್ಲ, ಕಳೆದ ವರ್ಷದ ಸಂಬಳ ತೋರಿಸು’ ಎಂದಂತಾಯಿತು. ಬೆಳೆ ಅರ್ಧ ಬೆಳೆದಿರುವಾಗ ಗುತ್ತಿಗೆಯ ಕರಾರನ್ನು ಬದಲಿಸಿದ ಜಮೀನ್ದಾರನ ನಡೆ ಇದು.

ಇಂಥ ಬದಲಾವಣೆ ಇಷ್ಟು ಸಲೀಸಾಗಿ ಆಗುವುದು ಹೇಗೆ ಎಂಬುದನ್ನೂ ತಿಳಿದಿರಬೇಕು. 1971ರ ವಲಸೆ ಕಾಯಿದೆಯ ಪ್ರಕಾರ ವಲಸೆ ನಿಯಮಗಳ ತಿದ್ದುಪಡಿ ಒಂದು ಮಸೂದೆಯಾಗಿ ಚರ್ಚೆಗೆ ಬರಬೇಕಿಲ್ಲ. ಗೃಹ ಸಚಿವರು ಬದಲಾವಣೆಗಳ ಹೇಳಿಕೆಯನ್ನು ಸಂಸತ್ತಿನ ಮುಂದಿಟ್ಟರೆ ಆಯಿತು. 40 ದಿನಗಳೊಳಗೆ ಯಾವುದಾದರೂ ಸದನ ಅಸಮ್ಮತಿ ಸೂಚಿಸಬಹುದು, ಆದರೆ ಒಂದು ಸಾಲನ್ನೂ ತಿದ್ದುವಂತಿಲ್ಲ. ಅಂದರೆ ನಮ್ಮ ಬದುಕನ್ನು ಅತಿ ಹತ್ತಿರದಿಂದ ಮುಟ್ಟುವ ಬರಹವೇ ಅತಿ ಕಡಿಮೆ ಚರ್ಚೆಯಲ್ಲಿ ಜಾರಿಯಾಗುತ್ತದೆ. ಪದೇ ಪದೇ ಬದಲಾಗುವುದಕ್ಕೆ ಇದೂ ಒಂದು ಕಾರಣ.

ತೀರ್ಪುಗಳು: ಗೆಲುವು ಮತ್ತು ಅದರ ಗಡಿ

ಬಾಧಿತರು ಎಚ್‌ಎಸ್‌ಎಂಪಿ ಫೋರಂ ಎಂಬ ಸಂಘಟನೆ ಕಟ್ಟಿಕೊಂಡು ಕೋರ್ಟಿಗೆ ಹೋದರು. 2007ರಲ್ಲಿ ಸಂಸತ್ತಿನ ಮಾನವ ಹಕ್ಕುಗಳ ಜಂಟಿ ಸಮಿತಿಯೂ ಹಳಬರ ಮೇಲೆ ಹೊಸ ನಿಯಮ ಹೇರಿದ್ದನ್ನು ಟೀಕಿಸಿ ವರದಿ ಕೊಟ್ಟಿತು. 2008ರ ಏಪ್ರಿಲ್ 8ರಂದು ಹೈಕೋರ್ಟಿನ ನ್ಯಾಯಾಧೀಶ ಸರ್ ಜಾರ್ಜ್ ನ್ಯೂಮನ್ ಫೋರಂ ಪರ ತೀರ್ಪಿತ್ತರು. ಒಳಬಂದವರಿಗೆ ಮೂಲ ಯೋಜನೆಯ ಷರತ್ತುಗಳೇ ಅನ್ವಯಿಸಬೇಕು, ಆ ನಿರೀಕ್ಷೆ ನ್ಯಾಯವಾದದ್ದು ಎಂಬುದು ಅದರ ಸಾರ. 2009ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಕಾಕ್ಸ್ ಅವರು ಎರಡನೆಯ ಪ್ರಕರಣದಲ್ಲಿ, ಅವಧಿ ಬದಲಾಗುವ ಮುನ್ನ ಈ ಯೋಜನೆಯಡಿ ಬಂದವರಿಗೆ ನಾಲ್ಕು ವರ್ಷವೇ ಸಾಕು ಎಂದರು.

ಇದೇ ಕಾಲದಲ್ಲಿ ವೈದ್ಯರದ್ದೂ ಒಂದು ಹೋರಾಟ ನಡೆಯಿತು. ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಓದಿ ತರಬೇತಿಗೆಂದು ಇಲ್ಲಿಗೆ ಬಂದ ಎಷ್ಟೋ ಮಂದಿಗೆ ಇದು ನೇರವಾಗಿ ತಟ್ಟಿದ ವಿಷಯ. 2006ರಲ್ಲಿ ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಒಂದು ಸೂಚನೆ ಕಳಿಸಿತು. ಎಚ್‌ಎಸ್‌ಎಂಪಿ ಮೇಲಿರುವ ವೈದ್ಯರ ಅನುಮತಿ ತರಬೇತಿಗಿಂತ ಮುಂಚೆ ಮುಗಿಯುವಂತಿದ್ದರೆ, ಬ್ರಿಟನ್ ಮತ್ತು ಯುರೋಪಿನ ಅಭ್ಯರ್ಥಿ ಸಿಗದಿದ್ದಾಗ ಮಾತ್ರ ಅವರನ್ನು ಪರಿಗಣಿಸಿ ಎಂಬುದು ಅದರ ಅರ್ಥ. ಭಾರತೀಯ ಮೂಲದ ವೈದ್ಯರ ಸಂಘ ಬ್ಯಾಪಿಯೋ ಅದನ್ನು ಪ್ರಶ್ನಿಸಿತು. 2008ರ ಏಪ್ರಿಲ್ 30ರಂದು ಹೌಸ್ ಆಫ್ ಲಾರ್ಡ್ಸ್ ಆ ಸೂಚನೆ ಕಾನೂನಿಗೆ ಹೊರತಾದದ್ದು ಎಂದಿತು. ವಲಸೆ ನಿಯಮ ಕೊಟ್ಟದ್ದನ್ನು ಇನ್ನೊಂದು ಇಲಾಖೆ ಹಿಂಬಾಗಿಲಿನಿಂದ ಕಿತ್ತುಕೊಳ್ಳುವಂತಿಲ್ಲ ಎಂಬುದು ನಾವು ಗ್ರಹಿಸಬೇಕಾದ ತಿರುಳು.

ನಮ್ಮ ಸಭೆಗಳಲ್ಲಿ ಈ ಗೆಲುವುಗಳ ನೆನಪು ಬಂದಾಗ, ‘ಆಗ ಗೆದ್ದೆವು, ಈಗಲೂ ಗೆಲ್ಲುತ್ತೇವೆ’ ಎಂಬ ಧಾಟಿ ಕೇಳುತ್ತದೆ. ಇಲ್ಲಿ ಎಚ್ಚರ ಬೇಕು. 2009ರ ಮೇ ತಿಂಗಳಿನಲ್ಲಿ ಅದೇ ಹೌಸ್ ಆಫ್ ಲಾರ್ಡ್ಸ್ ಒಡೆಲೋಲಾ ಎಂಬ ಪ್ರಕರಣದಲ್ಲಿ ಬೇರೆಯದೇ ತೀರ್ಪು ಕೊಟ್ಟಿತು. ನೈಜೀರಿಯಾದಲ್ಲಿ ಓದಿದ ಒಬ್ಬ ವೈದ್ಯೆ 2006ರ ಜನವರಿಯಲ್ಲಿ ಅರ್ಜಿ ಹಾಕಿದ್ದರು. ಅದು ತೀರ್ಮಾನವಾಗುವ ಮೊದಲೇ ಏಪ್ರಿಲಿನಲ್ಲಿ ನಿಯಮ ಬದಲಾಯಿತು, ಅರ್ಜಿ ತಿರಸ್ಕೃತವಾಯಿತು. ಅರ್ಜಿ ಹಾಕಿದ ದಿನದ ನಿಯಮ ಅನ್ವಯಿಸಬೇಕೆಂಬ ವಾದ ನಿಲ್ಲಲಿಲ್ಲ. ಬೇರೆ ಹೇಳಿಕೆ ಇಲ್ಲದಿದ್ದರೆ ತೀರ್ಮಾನದ ದಿನದ ನಿಯಮವೇ ನಿಯಮ ಎಂದಾಯಿತು.

ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ತಿಳಿಯುತ್ತದೆ. ಎಚ್‌ಎಸ್‌ಎಂಪಿಯವರನ್ನು ಉಳಿಸಿದ್ದು ಅವರ ಕಷ್ಟವೂ ಅಲ್ಲ, ಯೋಗ್ಯತೆಯೂ ಅಲ್ಲ. ‘ಪರಿಷ್ಕರಣೆ ಏನೇ ಇದ್ದರೂ’ ಎಂಬ ಅರ್ಥದ ಆ ಕಾಗದದ ಸಾಲು, ಮತ್ತು ಅವರಿಂದ ಬರೆಸಿಕೊಂಡ ಆ ಮುಚ್ಚಳಿಕೆ. ಒಡೆಲೋಲಾ ಅವರ ಕೈಯಲ್ಲಿ ಅಂಥ ಕಾಗದವಿರಲಿಲ್ಲ. ನಿಯಮ ಹೀಗೇ ಮುಂದುವರಿಯುತ್ತದೆ ಎಂದು ಒಬ್ಬರು ನಂಬಿಕೊಳ್ಳುವುದು ಬೇರೆ, ಮುಂದುವರಿಸುತ್ತೇವೆಂದು ಸರ್ಕಾರ ಮಾತು ಕೊಡುವುದು ಬೇರೆ. ನ್ಯಾಯಾಲಯ ಕಾಯುವುದು ಎರಡನೆಯದನ್ನು.

ಸಂಬಳವೇ ಗುಣವಾದಾಗ

2006ರ ಬದಲಾವಣೆಯ ಇನ್ನೊಂದು ಮುಖದ ಬಗ್ಗೆ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಅನುಭವ ಮತ್ತು ಸಾಧನೆಯನ್ನು ತೂಗುವುದು ಕಷ್ಟ, ಅಧಿಕಾರಿಯ ವಿವೇಚನೆ ಬೇಕು. ಸಂಬಳ ಒಂದು ಅಂಕಿ, ಯಾರು ಬೇಕಾದರೂ ಎಣಿಸಬಹುದು. ಆದ್ದರಿಂದ 12 ತಿಂಗಳ ಗಳಿಕೆ ಕುಶಲತೆಯ ಮುಖ್ಯ ಅಳತೆಯಾಯಿತು. ಆದರೆ ಹೆರಿಗೆ ರಜೆಯಲ್ಲಿದ್ದ ಮಹಿಳೆಯ, ಸ್ವಂತ ಉದ್ಯಮದ ಮೊದಲ ವರ್ಷದಲ್ಲಿರುವವನ, ಲಂಡನ್ನಿನ ಆಚೆ ಕಡಿಮೆ ಸಂಬಳದ ಊರಿನಲ್ಲಿ ಅದೇ ಕೆಲಸ ಮಾಡುವವನ ಕುಶಲತೆ ಆ ಅಂಕಿಯಲ್ಲಿ ಕಾಣುವುದಿಲ್ಲ.

2008ರಲ್ಲಿ ಎಚ್‌ಎಸ್‌ಎಂಪಿ ಜಾಗಕ್ಕೆ ಬಂದ ಟಿಯರ್ 1 ಜನರಲ್ ವೀಸಾ ಇದೇ ಅಳತೆಯನ್ನು ಮುಂದುವರಿಸಿತು. 2010ರ ಡಿಸೆಂಬರಿನಲ್ಲಿ ಹೊರದೇಶದವರಿಗೆ, 2011ರ ಏಪ್ರಿಲಿನಲ್ಲಿ ಇಲ್ಲಿರುವ ಹೊಸ ಅರ್ಜಿದಾರರಿಗೆ ಅದು ಮುಚ್ಚಿತು. ಅದರ ನೆರಳು ಮಾತ್ರ ಉಳಿಯಿತು. ಆ ವೀಸಾ ಪಡೆದವರು ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಹೋಮ್ ಆಫೀಸು ಅವರು ಹಿಂದೆ ತೋರಿಸಿದ ಗಳಿಕೆಯನ್ನೂ ತೆರಿಗೆ ಇಲಾಖೆಯ ಲೆಕ್ಕವನ್ನೂ ಹೋಲಿಸತೊಡಗಿತು. ಎರಡೂ ತಾಳೆಯಾಗದಿದ್ದರೆ ವ್ಯಕ್ತಿಯ ನಡತೆಗೆ ಸಂಬಂಧಿಸಿದ 322(5) ಎಂಬ ಕಲಮಿನಡಿ ಅರ್ಜಿ ತಿರಸ್ಕರಿಸಲಾಯಿತು. ರಾಷ್ಟ್ರದ ಭದ್ರತೆಗೆ ಬೆದರಿಕೆಯಾದವರಿಗೂ ಅನ್ವಯಿಸುವ ಕಲಂ ಅದು.

ಅವರಲ್ಲಿ ಬೇಕೆಂದೇ ಗಳಿಕೆ ಹಿಗ್ಗಿಸಿ ತೋರಿಸಿದವರೂ ಇದ್ದಿರಬಹುದು, ಲೆಕ್ಕಿಗರ ತಪ್ಪಿನಿಂದ ಸಿಕ್ಕಿಬಿದ್ದವರೂ ಇದ್ದಿರಬಹುದು. ಯಾರು ಯಾವ ಗುಂಪಿಗೆ ಸೇರಿದವರು ಎಂದು ವಿಂಗಡಿಸುವ ಮೊದಲು ಅವರ ಮಾತು ಕೇಳಬೇಕಲ್ಲವೇ? 2019ರ ಏಪ್ರಿಲಿನಲ್ಲಿ ಬಾಲಾಜಿಗಾರಿ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನೇ ಹೇಳಿತು. ಅಪ್ರಾಮಾಣಿಕತೆಯ ಶಂಕೆಯಿದ್ದರೆ ಅದನ್ನು ಅರ್ಜಿದಾರನಿಗೆ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕು, ಹಾಗೆ ಮಾಡದೆ ತಿರಸ್ಕರಿಸಿದ ಕ್ರಮ ನ್ಯಾಯವಲ್ಲ ಎಂದು. ಒಬ್ಬನ ಕುಶಲತೆಯನ್ನು ಸಂಬಳದಿಂದ ಅಳೆಯಲು ಹೊರಟ ವ್ಯವಸ್ಥೆ, ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಚೀಟಿಯಿಂದ ಅವನ ಚಾರಿತ್ರ್ಯವನ್ನೂ ಅಳೆಯತೊಡಗಿತು. 2006ರ ಆಯ್ಕೆಯ ಫಲ ಇದು.

ಈಗಿನ ಕರಡನ್ನು ಓದುವ ಬಗೆ

ಇಷ್ಟು ಹಿನ್ನೆಲೆಯೊಂದಿಗೆ ಈಗಿನ ಬದಲಾವಣೆಗಳತ್ತ ನೋಡೋಣ. 2024ರ ಏಪ್ರಿಲ್ 4ರಿಂದ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳದ ಮಿತಿ 26,200 ಪೌಂಡಿನಿಂದ 38,700ಕ್ಕೆ ಏರಿತು. 2025ರ ಜುಲೈ 22ರಿಂದ ಅದು 41,700. ಅದೇ ದಿನದಿಂದ ಹೊಸಬರ ಕೆಲಸ ಪದವಿ ಮಟ್ಟದ್ದಾಗಿರಬೇಕೆಂಬ ಸಾಮಾನ್ಯ ಷರತ್ತೂ ಬಂತು. ಏರಿಕೆ ಕಡಿದಾಗಿದ್ದರೂ ಒಂದು ವಿಷಯ ಗಮನಿಸಿ: 2024ರ ಬದಲಾವಣೆಯಲ್ಲಿ, ಆಗಲೇ ಈ ವೀಸಾದಲ್ಲಿದ್ದವರಿಗೆ ಕಡಿಮೆ ಮಿತಿಯ ಪ್ರತ್ಯೇಕ ಏರ್ಪಾಡು ಇತ್ತು. ಬಂದವರು ಬೇರೆ, ಬರಲಿರುವವರು ಬೇರೆ ಎಂಬ ವಿವೇಕವನ್ನು ಸರ್ಕಾರವೇ ಅಲ್ಲಿ ಪಾಲಿಸಿತ್ತು. ಕಾಯಂ ವಾಸದ ಹೊಸ ಕರಡು ಅಳಿಸಲು ಹೊರಟಿರುವುದು ಇದೇ ಗೆರೆಯನ್ನು.

ಕರಡಿನ ಒಳಗಿನ ಲೆಕ್ಕವೂ ಪರಿಚಿತವೇ. ಸಾಮಾನ್ಯ ಅವಧಿ 10 ವರ್ಷ. ಮೂರು ವರ್ಷ 50,270 ಪೌಂಡಿನ ತೆರಿಗೆಯೋಗ್ಯ ಆದಾಯ ಇದ್ದವರಿಗೆ ಅದರಲ್ಲಿ 5 ವರ್ಷ ಕಡಿತ, 1,25,140 ಪೌಂಡ್ ಇದ್ದವರಿಗೆ 7 ವರ್ಷ ಕಡಿತ. ಪದವಿ ಮಟ್ಟಕ್ಕಿಂತ ಕೆಳಗಿನ ಕೆಲಸದವರಿಗೆ 15 ವರ್ಷ. 2006ರಲ್ಲಿ ಸಂಬಳ ಒಳಬರುವ ಬಾಗಿಲಿನ ಅಳತೆಯಾಗಿತ್ತು. ಈಗ ಎಷ್ಟು ವರ್ಷ ಅತಿಥಿಯಾಗಿ ಉಳಿಯಬೇಕು ಎಂಬುದಕ್ಕೂ ಅಳತೆಯಾಗಲಿದೆ. ಕೇರ್ ಹೋಮಿನಲ್ಲಿ ವೃದ್ಧರ ಮೈ ತೊಳೆದು ಊಟ ಮಾಡಿಸುವವರು ಈ ಸಮಾಜಕ್ಕೆ ಕೊಡುತ್ತಿರುವುದು ಕಡಿಮೆಯೇ, ಅಥವಾ ಅದಕ್ಕೆ ಸಿಗುವ ಕೂಲಿ ಕಡಿಮೆಯೇ? ಕರಡು ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ಭಾವಿಸಿದೆ.

ಕಾಯುವ ವರ್ಷಗಳಿಗೆ ಬೆಲೆಯೂ ಇದೆ. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆರೋಗ್ಯ ಶುಲ್ಕ. ಗಂಡ ಹೆಂಡತಿ ಇಬ್ಬರು ಮಕ್ಕಳ ಕುಟುಂಬ ಐದು ವರ್ಷ ಹೆಚ್ಚಿಗೆ ಕಾದರೆ, ಈ ದರದಲ್ಲಿ ಆರೋಗ್ಯ ಶುಲ್ಕವೊಂದೇ 18,110 ಪೌಂಡ್. ವೀಸಾ ಶುಲ್ಕ ಬೇರೆ. ದುಡ್ಡಿಗಿಂತ ದೊಡ್ಡದು ಕೆಲಸದ ಅವಲಂಬನೆ. ಸ್ಕಿಲ್ಡ್ ವರ್ಕರ್ ವೀಸಾ ಸ್ಪಾನ್ಸರ್ ಮಾಡಿದ ಮಾಲೀಕನಿಗೆ ಕಟ್ಟಿಹಾಕಿದ ಅನುಮತಿ. ಕೆಲಸ ಹೋದರೆ ಅನುಮತಿಯನ್ನು ಸಾಮಾನ್ಯವಾಗಿ 60 ದಿನಕ್ಕೆ ಮೊಟಕುಗೊಳಿಸುತ್ತಾರೆ. ಐದು ವರ್ಷ ಬಾಯಿ ಮುಚ್ಚಿಕೊಂಡು ದುಡಿಯುವುದಕ್ಕೂ ಹತ್ತು ವರ್ಷ ಹಾಗೆ ದುಡಿಯುವುದಕ್ಕೂ ಇರುವ ಅಂತರ ಕ್ಯಾಲೆಂಡರಿನದಷ್ಟೇ ಅಲ್ಲ.

ಹಾಗಾದರೆ 2008ರ ತೀರ್ಪು ಇಂದಿನವರನ್ನು ಕಾಯುತ್ತದೆಯೇ? ನನ್ನ ಓದಿನ ಪ್ರಕಾರ, ತಾನಾಗಿಯೇ ಕಾಯುವುದಿಲ್ಲ. ಐದು ವರ್ಷದ ಅವಧಿ ಈಗಿನವರು ಬಂದಾಗ ನಿಯಮದಲ್ಲಿ ಇತ್ತು, ನಿಜ. ಆದರೆ ‘ಪರಿಷ್ಕರಣೆ ಏನೇ ಇದ್ದರೂ’ ಎಂಬ ಹಳೆಯ ಮಾರ್ಗದರ್ಶಿಯ ಭರವಸೆಗೆ ಸಮನಾದದ್ದನ್ನು ಈಗಿನ ವೀಸಾದ ಕಾಗದಗಳಲ್ಲಿ ತೋರಿಸುವುದು ಸುಲಭವಲ್ಲ. ಕಾನೂನಿನ ವಾದ ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತದೆ. ನೀತಿಯ ವಾದಕ್ಕೆ ಆ ಇಕ್ಕಟ್ಟಿಲ್ಲ. ಒಂದು ದೇಶ ಐದು ವರ್ಷ ಎಂದು ಬರೆದು ಕರೆದು, ಶುಲ್ಕ ಪಡೆದು, ತೆರಿಗೆ ಪಡೆದು, ನಾಲ್ಕನೆಯ ವರ್ಷದಲ್ಲಿ ಹತ್ತು ಎಂದರೆ, ಕೋರ್ಟು ತಡೆಯಲಿ ಬಿಡಲಿ, ಅದು ಮಾತಿಗೆ ತಪ್ಪಿದ ನಡೆ. ಸಂಸದರ ಮುಂದೆ ಹೂಡಬೇಕಾದ ವಾದ ಇದು.

ನಮ್ಮೊಳಗಿನ ಮಾತು

ಕೊನೆಯದಾಗಿ ವಿಮರ್ಶೆ ನಮ್ಮ ಕಡೆಗೂ ತಿರುಗಬೇಕು. ಕಾಯಂ ವಾಸ ಅಥವಾ ಪೌರತ್ವ ಸಿಕ್ಕಿದವರಲ್ಲಿ, ‘ನಾವು ಅರ್ಹತೆಯಿಂದ, ನಿಯಮದ ಪ್ರಕಾರ ಬಂದವರು, ಈಗ ಬರುವವರ ಕಥೆ ಬೇರೆ’ ಎಂಬ ಮಾತು ಅಪರೂಪವೇನಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ಮಾತು ಇದು. ಎಚ್‌ಎಸ್‌ಎಂಪಿ ಕಾಲದಲ್ಲಿ ಬಂದು ನೆಲೆಯಾದವರು ತಮ್ಮ ಅರ್ಹತೆಯಿಂದ ಬಂದರು ನಿಜ. ಅರ್ಹತೆಯ ಅಳತೆ ನಡುವೆಯೇ ಬದಲಾದಾಗ ಅವರಲ್ಲಿ ಹಲವರನ್ನು ಉಳಿಸಿದ್ದು ಯಾರೋ ಮುಂದೆ ಬಂದು ಹೂಡಿದ ದಾವೆ. ಇವತ್ತು ಅದೇ ಜಾಗದಲ್ಲಿ ನಿಂತಿರುವವರು ಮೂವತ್ತರ ಆಸುಪಾಸಿನ ಸಾಫ್ಟ್‌ವೇರ್ ದಂಪತಿಗಳು, ನರ್ಸುಗಳು, ಕೇರ್ ಕೆಲಸಗಾರರು. ಮಾಲೀಕನ ಮರ್ಜಿಯಲ್ಲಿರುವ ಅವರಿಗೆ ದನಿ ಎತ್ತುವುದು ಅಪಾಯ. ನೆಲೆಯಾದವರಿಗೆ ಆ ಅಪಾಯವಿಲ್ಲ, ಮತದಾನದ ಹಕ್ಕೂ ಇದೆ.

ನಿಭಾಯಿಸುವುದು ಎಂದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು ಫೈಲು ದಪ್ಪ ಮಾಡಿಕೊಳ್ಳುವುದು ಎಂದಾಗಿಬಿಟ್ಟಿದೆ. ಫೈಲು ಬೇಕು. ಅರ್ಜಿ ಹಾಕಿದ ದಿನ ಇದ್ದ ಮಾರ್ಗದರ್ಶಿಯ ಪ್ರತಿ, ಸ್ಪಾನ್ಸರ್ ಬರೆದ ಪತ್ರ, ತೆರಿಗೆಯ ಲೆಕ್ಕ, ಎಲ್ಲವನ್ನೂ ತಾರೀಖಿನ ಸಮೇತ ತೆಗೆದಿಡಬೇಕು; ಹೊಸ ನಿಯಮ ಬಂದಾಗ ಶೀರ್ಷಿಕೆಗಿಂತ ಮೊದಲು ‘ಈಗಾಗಲೇ ಇರುವವರಿಗೆ ಏನು’ ಎಂಬ ಕಲಮನ್ನು ಓದಬೇಕು. ಬ್ಯಾಲಾಜಿಗಾರಿಯಂಥ ಪ್ರಕರಣಗಳಲ್ಲಿ ಜಗಳ ನಿಂತದ್ದೇ ಹಳೆಯ ಲೆಕ್ಕದ ಮೇಲೆ. ಆದರೆ 2008 ಮತ್ತು 2009ರಲ್ಲಿ ಹಳೆಯ ಕಾಗದಕ್ಕೆ ಬಲ ಬಂದದ್ದು ಹಲವರು ಅದನ್ನು ಒಟ್ಟಿಗೆ ಹಿಡಿದು ನಿಂತಾಗ. ಒಂದು ಕನ್ನಡ ಸಂಘ ಯುಗಾದಿ, ರಾಜ್ಯೋತ್ಸವಗಳ ನಡುವೆ ವರ್ಷಕ್ಕೊಂದು ಸಂಜೆಯನ್ನು ನಿಯಮದ ಓದಿಗೆ ಮೀಸಲಿಟ್ಟರೆ, ಸರ್ಕಾರದ ಕರಡಿಗೆ ಸದಸ್ಯರೆಲ್ಲರ ಪರವಾಗಿ ಒಂದು ಉತ್ತರ ಬರೆದರೆ, ಆ ಉತ್ತರಕ್ಕೆ ಮೊದಲ ಸಹಿ ಕಾಯಂ ವಾಸ ಸಿಕ್ಕಿದವರದ್ದಾಗಿದ್ದರೆ, ಈಗ ಕಾಯುತ್ತಿರುವವರಿಗೆ ಅದಕ್ಕಿಂತ ದೊಡ್ಡ ಆಸರೆ ಬೇರೆ ಇರಲಾರದು.